ಪಿಎಫ್‌ಸಿ: ಆನ್ ಮಾಡಲು ಒಂದು ಸಾಲು, ಉಳಿದದ್ದೆಲ್ಲ ಬಫರ್ ಲೆಕ್ಕ

ಪಿಎಫ್‌ಸಿ ಅಂದರೆ ಪ್ರಯಾರಿಟಿ ಫ್ಲೋ ಕಂಟ್ರೋಲ್: ಬಫರ್ (ಪ್ಯಾಕೆಟ್‌ಗಳು ಕಾಯುವ ಮೆಮೊರಿ) ತುಂಬುವ ಮುಂಚೆಯೇ ಕಳಿಸುವವನಿಗೆ ‘ಈ ಬಗೆಯ ಟ್ರಾಫಿಕ್ ನಿಲ್ಲಿಸು’ ಅನ್ನುವ ವ್ಯವಸ್ಥೆ. ಸ್ವಿಚ್‌ನಲ್ಲಿ ಅದನ್ನು ಆನ್ ಮಾಡಲು ಒಂದು ಸಾಲು ಸಾಕು. ಸಿಸ್ಕೋ ನೆಕ್ಸಸ್ ಆದರೆ ಇಂಟರ್‌ಫೇಸ್ ಒಳಗೆ ಹೋಗಿ ‘ಪ್ರಯಾರಿಟಿ ಫ್ಲೋ ಕಂಟ್ರೋಲ್ ಮೋಡ್ ಆನ್’ ಅಂತ ಬರೆಯುತ್ತೀರಿ. ಸೋನಿಕ್ ಅನ್ನುವ ಓಪನ್ ಸೋರ್ಸ್ ಸ್ವಿಚ್ ಸಾಫ್ಟ್‌ವೇರ್ ಆದರೆ ಪೋರ್ಟಿನ ಕ್ಯೂಒಎಸ್ (ಟ್ರಾಫಿಕ್ ದರ್ಜೆಗಳ) ಟೇಬಲ್‌ನಲ್ಲಿ 3, 4 ಅಂತ ಎರಡು ಅಂಕಿ ಹಾಕುತ್ತೀರಿ. ಅಷ್ಟೇ. ಆಮೇಲೂ ಪ್ಯಾಕೆಟ್ ಡ್ರಾಪ್ ಆಗುತ್ತಲೇ ಇರುತ್ತದೆ, ಇಲ್ಲಾ ಇಡೀ ನೆಟ್‌ವರ್ಕ್ ನಿಂತೇಬಿಡುತ್ತದೆ. ಆ ಒಂದು ಸಾಲಿನ ಸುತ್ತ ಏನೇನು ಸರಿ ಇರಬೇಕು ಅನ್ನುವುದೇ ಇವತ್ತಿನ ಮಾತು.

ಮೊದಲು ಇದು ಯಾಕೆ ಬೇಕು ಅಂತ ನೋಡೋಣ. ಈಥರ್ನೆಟ್‌ಗೆ ಪ್ಯಾಕೆಟ್ ಬಿಸಾಡಲು ಯಾವ ಸಂಕೋಚವೂ ಇಲ್ಲ. ಕ್ಯೂ ತುಂಬಿದರೆ ಹೊಸದಾಗಿ ಬಂದದ್ದನ್ನು ಡ್ರಾಪ್ ಮಾಡುತ್ತದೆ. ಟಿಸಿಪಿಗೆ ಇದೇನೂ ದೊಡ್ಡ ವಿಷಯ ಅಲ್ಲ. ಕಳೆದದ್ದನ್ನು ಮತ್ತೆ ಕಳಿಸುತ್ತದೆ, ತನ್ನ ವೇಗವನ್ನೂ ಇಳಿಸಿಕೊಳ್ಳುತ್ತದೆ. ಆರ್‌ಡಿಎಂಎಯಲ್ಲಿ ಹಾಗಲ್ಲ. ಅಲ್ಲಿ ಒಂದು ಸರ್ವರ್‌ನ ನೆಟ್‌ವರ್ಕ್ ಕಾರ್ಡ್ ಇನ್ನೊಂದು ಸರ್ವರ್‌ನ ಮೆಮೊರಿಗೆ ನೇರವಾಗಿ ಬರೆಯುತ್ತದೆ. ಮಧ್ಯದಲ್ಲಿ ಆಪರೇಟಿಂಗ್ ಸಿಸ್ಟಂಗೆ ಕೆಲಸವೇ ಇಲ್ಲ. ಅದನ್ನೇ ಈಥರ್ನೆಟ್ ಮೇಲೆ, ಯುಡಿಪಿ ಪೋರ್ಟ್ 4791ರಲ್ಲಿ ಓಡಿಸಿದರೆ ಅದು ನಾವೆಲ್ಲ ‘ರಾಕಿ’ ಅಂತ ಕರೆಯುವ ಪ್ರೋಟೋಕಾಲ್‌ನ 2ನೇ ಆವೃತ್ತಿ. ಇಲ್ಲಿ ಕಳೆದದ್ದನ್ನು ಮತ್ತೆ ಕಳಿಸುವ ಕೆಲಸವೂ ಕಾರ್ಡಿನದೇ. ಕಾರ್ಡಿಗೆ ಅಷ್ಟೊಂದು ಬುದ್ಧಿ ಇರಲಿಲ್ಲ.

ಎಷ್ಟು ಇರಲಿಲ್ಲ ಅನ್ನುವುದಕ್ಕೆ ಒಂದು ಉದಾಹರಣೆ. 2016ರ ಸಿಗ್‌ಕಾಮ್ ಸಮ್ಮೇಳನದಲ್ಲಿ ಮೈಕ್ರೋಸಾಫ್ಟ್‌ನವರು ತಮ್ಮ ಡೇಟಾ ಸೆಂಟರ್‌ಗಳ ಅನುಭವವನ್ನು ಒಂದು ಪ್ರಬಂಧವಾಗಿ ಮಂಡಿಸಿದರು. ಅದರಲ್ಲಿ ಒಂದು ಪ್ರಯೋಗ ಇದೆ. ಪ್ರತಿ 256 ಪ್ಯಾಕೆಟ್‌ಗೆ ಒಂದನ್ನು ಬೇಕೆಂದೇ ಡ್ರಾಪ್ ಮಾಡಿದರು. ಕಳಿಸುತ್ತಿದ್ದದ್ದು 4 ಎಂಬಿ ಮೆಸೇಜ್‌ಗಳು. ಒಂದು ಪ್ಯಾಕೆಟ್ ಹೋದರೂ ಕಾರ್ಡ್ ಇಡೀ ಮೆಸೇಜನ್ನು ಮೊದಲಿನಿಂದ ಶುರು ಮಾಡುತ್ತಿತ್ತು. ಲಿಂಕ್ ಪೂರ್ತಿ ತುಂಬಿ ಓಡುತ್ತಿದೆ, ಆದರೆ ಒಂದೇ ಒಂದು ಮೆಸೇಜ್ ಕೂಡ ಪೂರ್ತಿಯಾಗಿ ತಲುಪುತ್ತಿಲ್ಲ! ಆಮೇಲೆ ಕಳೆದುಹೋದ ಪ್ಯಾಕೆಟ್‌ನಿಂದ ಮುಂದಕ್ಕೆ ಮಾತ್ರ ಕಳಿಸುವ ಹಾಗೆ ಕಾರ್ಡನ್ನು ತಿದ್ದಿಸಿದರು. ಆದರೂ ಡ್ರಾಪ್ ದುಬಾರಿಯೇ. ಸಾವಿರಾರು ಜಿಪಿಯುಗಳು ಒಂದಕ್ಕೊಂದು ಕಾದು ನಿಂತು ಕೆಲಸ ಮಾಡುವ ಕಡೆ, ಎಲ್ಲೋ ಒಂದು ಫ್ಲೋ ತಡವಾದರೆ ಎಲ್ಲವೂ ತಡ.

ಹಾಗಾದರೆ ಡ್ರಾಪ್ ಆಗುವ ಮುಂಚೆಯೇ ಕಳಿಸುವವನಿಗೆ ‘ನಿಲ್ಲಿಸು’ ಅಂತ ಹೇಳಿಬಿಡಬಹುದಲ್ವಾ? 1997ರಲ್ಲೇ 802.3ಎಕ್ಸ್ ಅನ್ನುವ ಈಥರ್ನೆಟ್ ಸ್ಟ್ಯಾಂಡರ್ಡ್ ಅದನ್ನು ಮಾಡಿತ್ತು. ತೊಂದರೆ ಏನೆಂದರೆ ಅದು ಇಡೀ ಲಿಂಕನ್ನೇ ನಿಲ್ಲಿಸುತ್ತದೆ. ಸ್ಟೋರೇಜ್ ಟ್ರಾಫಿಕ್ ಜಾಸ್ತಿ ಆಯಿತು ಅಂತ ನಿಮ್ಮ ಎಸ್‌ಎಸ್‌ಎಚ್ ಲಾಗಿನ್ ಕೂಡ ನಿಲ್ಲುತ್ತದೆ. 2011ರಲ್ಲಿ ಬಂದ 802.1ಕ್ಯೂಬಿಬಿ ಅದೇ ಲಿಂಕನ್ನು ಎಂಟು ಪ್ರಯಾರಿಟಿಗಳಾಗಿ ನೋಡುತ್ತದೆ. ‘3ನೇ ಪ್ರಯಾರಿಟಿ ಮಾತ್ರ ನಿಲ್ಲಿಸು, ಉಳಿದದ್ದು ಬರಲಿ’ ಅಂತ ಹೇಳಬಹುದು. ಅದೇ ಪ್ರಯಾರಿಟಿ ಫ್ಲೋ ಕಂಟ್ರೋಲ್. ಆಗ ಇದನ್ನು ಮಾಡಿದ್ದು ಮುಖ್ಯವಾಗಿ ಫೈಬರ್ ಚಾನೆಲ್ ಸ್ಟೋರೇಜನ್ನು ಈಥರ್ನೆಟ್ ಮೇಲೆ ಓಡಿಸಲು. ಅದಕ್ಕೆ ಪ್ರಯಾರಿಟಿ 3 ಬಳಸುವುದು ರೂಢಿ. ಆ ತಂತ್ರಜ್ಞಾನ ಹೆಚ್ಚು ದಿನ ಮೆರೆಯಲಿಲ್ಲ, 3 ಮಾತ್ರ ಉಳಿದುಕೊಂಡಿತು. ಇವತ್ತಿನ ರಾಕಿ ಕಾನ್ಫಿಗರೇಷನ್‌ಗಳಲ್ಲೂ ಬಹಳ ಕಡೆ ಅದೇ 3 ಇದೆ.

ಈ ‘ನಿಲ್ಲಿಸು’ ಅನ್ನುವ ಸಂದೇಶವೇ ಪಾಝ್ ಫ್ರೇಮ್. ಅದರ ಒಳಗೆ ಎಂಟು ಟೈಮರ್‌ಗಳಿವೆ, ಪ್ರಯಾರಿಟಿಗೊಂದು. ಒಂದೊಂದೂ 16 ಬಿಟ್. ಅಳತೆ 512 ಬಿಟ್ ಕಳಿಸಲು ಹಿಡಿಯುವ ಸಮಯ. ಅಂದರೆ 100 ಜಿಬಿಪಿಎಸ್ ಲಿಂಕ್‌ನಲ್ಲಿ ಒಂದು ಫ್ರೇಮ್ ಹೆಚ್ಚೆಂದರೆ ಸುಮಾರು 335 ಮೈಕ್ರೋಸೆಕೆಂಡ್ ನಿಲ್ಲಿಸಬಲ್ಲದು. ಟೈಮರ್ ಸೊನ್ನೆ ಹಾಕಿ ಕಳಿಸಿದರೆ ‘ಮತ್ತೆ ಶುರು ಮಾಡು’ ಅಂತ ಅರ್ಥ. ಈ 335 ಅನ್ನುವ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕಾನ್ಫಿಗರೇಷನ್. ಒಂದು ಪ್ಯಾಕೆಟ್ ಯಾವ ಪ್ರಯಾರಿಟಿಯದು ಅಂತ ಸ್ವಿಚ್‌ಗೆ ತಿಳಿಯುವುದು ಹೇಗೆ? ಮೂಲ ಸ್ಟ್ಯಾಂಡರ್ಡ್ ಪ್ರಕಾರ ಈಥರ್ನೆಟ್ ಹೆಡರ್‌ನ ವಿಲ್ಯಾನ್ ಟ್ಯಾಗ್‌ನಲ್ಲಿರುವ ಮೂರು ಬಿಟ್‌ನಿಂದ. ಆದರೆ ಇವತ್ತಿನ ಡೇಟಾ ಸೆಂಟರ್‌ನಲ್ಲಿ ಲೀಫ್ (ಸರ್ವರ್‌ಗಳು ಸೇರುವ ಸ್ವಿಚ್), ಸ್ಪೈನ್ (ಲೀಫ್‌ಗಳನ್ನು ಜೋಡಿಸುವ ಸ್ವಿಚ್) ಮಧ್ಯೆ ಎಲ್ಲವೂ ರೂಟಿಂಗ್. ಟ್ಯಾಗೇ ಇರುವುದಿಲ್ಲ. ಹಾಗಾಗಿ ಐಪಿ ಹೆಡರ್‌ನಲ್ಲಿರುವ ಡಿಎಸ್‌ಸಿಪಿ ಅನ್ನುವ ದರ್ಜೆಯ ಅಂಕಿಯನ್ನು ನಂಬುತ್ತೇವೆ. ಅದು ಸರ್ವರ್‌ನಿಂದ ಸರ್ವರ್‌ವರೆಗೆ ಹಾಗೇ ಹೋಗುತ್ತದೆ. ಪಾಝ್ ಫ್ರೇಮ್‌ಗೆ ಹೇಗೂ ಟ್ಯಾಗ್ ಬೇಕಿಲ್ಲ, ಪ್ರಯಾರಿಟಿ ಅದರ ಒಳಗೇ ಇದೆ.

ಇಲ್ಲಿ ಸುಮಾರು ಜನ ಎಡವುವ ಜಾಗ ಒಂದಿದೆ. ರಾಕಿಗೆ ಡಿಎಸ್‌ಸಿಪಿ 26 ಅಂತ ತೀರ್ಮಾನ ಆಗಿದೆ ಅಂದುಕೊಳ್ಳಿ. ಸ್ವಿಚ್‌ನವರು 26 ಅಂತ ಬರೆಯುತ್ತಾರೆ. ಸರ್ವರ್‌ನವರಿಗೆ ಮಾತ್ರ ಅಲ್ಲಿ ಕೇಳುವುದು ಟ್ರಾಫಿಕ್ ಕ್ಲಾಸ್, ಅಂದರೆ ಪೂರ್ತಿ ಎಂಟು ಬಿಟ್. ಡಿಎಸ್‌ಸಿಪಿ ಅದರ ಮೇಲಿನ ಆರು ಬಿಟ್ ಮಾತ್ರ. 26ನ್ನು 4ರಿಂದ ಗುಣಿಸಿದರೆ 104. ಕೊನೆಯ ಎರಡು ಬಿಟ್ ಇಸಿಎನ್‌ದು (ದಟ್ಟಣೆಯ ಗುರುತು, ಮುಂದೆ ಹೇಳುತ್ತೇನೆ), ಅದಕ್ಕೆ 2 ಸೇರಿಸಿದರೆ 106. ಎನ್‌ಸಿಸಿಎಲ್ (ಜಿಪಿಯುಗಳ ಮಧ್ಯೆ ಡೇಟಾ ಸಾಗಿಸುವ ಲೈಬ್ರರಿ) ಸೆಟ್ಟಿಂಗ್‌ಗಳಲ್ಲಿ ಅಲ್ಲಲ್ಲಿ 106 ಕಾಣುತ್ತದಲ್ಲ, ಅದು ಇದೇ. ಅಲ್ಲಿ ಸುಮ್ನೆ 26 ಅಂತ ಹಾಕಿದರೆ ಸ್ವಿಚ್‌ಗೆ ಕಾಣುವುದು ಡಿಎಸ್‌ಸಿಪಿ 6. ಅದು ಸಾಮಾನ್ಯ ಟ್ರಾಫಿಕ್ ಜೊತೆ ಸೊನ್ನೆಯ ಕ್ಯೂಗೆ ಹೋಗುತ್ತದೆ. ಪಿಂಗ್ ಬರುತ್ತದೆ, ಬ್ಯಾಂಡ್‌ವಿಡ್ತ್ ಟೆಸ್ಟ್ ಪೂರ್ತಿ ವೇಗ ತೋರಿಸುತ್ತದೆ, ಎಲ್ಲರೂ ಖುಷಿ. ನಿಜವಾದ ಲೋಡ್ ಬಂದ ದಿನ ಡ್ರಾಪ್ ಶುರು. ಪಿಎಫ್‌ಸಿ ಕೌಂಟರ್ ನೋಡಿದರೆ ಸೊನ್ನೆ. ಅದಕ್ಕೇ ಹೇಳುವುದು, ಮೊದಲ ಟೆಸ್ಟ್ ಮಾಡಿದಾಗಲೇ 3ನೇ ಕ್ಯೂನ ಪ್ಯಾಕೆಟ್ ಕೌಂಟರ್ ಏರುತ್ತಿದೆಯಾ ಅಂತ ನೋಡಿ. ವೇಗ ಆಮೇಲೆ ನೋಡಿದರಾಯಿತು.

ಸ್ವಿಚ್ ಒಳಗೂ ಒಂದು ಸರಪಳಿ ಇದೆ. ಡಿಎಸ್‌ಸಿಪಿಯಿಂದ ಸ್ವಿಚ್‌ನದೇ ಟ್ರಾಫಿಕ್ ಕ್ಲಾಸ್ (ಮೇಲೆ ಹೇಳಿದ ಎಂಟು ಬಿಟ್‌ನದಲ್ಲ), ಅಲ್ಲಿಂದ ಒಳಬರುವ ಕಡೆಯ ಪ್ರಯಾರಿಟಿ ಗ್ರೂಪ್, ಇನ್ನೊಂದು ಕಡೆ ಹೊರಹೋಗುವ ಕ್ಯೂ. ಇದಲ್ಲದೆ ನಾಲ್ಕನೆಯದೊಂದಿದೆ, ಅದನ್ನೇ ಮರೆಯುವುದು: ಎದುರಿನಿಂದ ‘3 ನಿಲ್ಲಿಸು’ ಅಂತ ಫ್ರೇಮ್ ಬಂದಾಗ ನಾನು ಯಾವ ಕ್ಯೂ ನಿಲ್ಲಿಸಬೇಕು? ಸೋನಿಕ್‌ನಲ್ಲಿ ಇದಕ್ಕೆ ಬೇರೆಯದೇ ಟೇಬಲ್ ಇದೆ. ಈ ನಾಲ್ಕೂ ಹೊಂದಬೇಕು. ಅದೂ ದಾರಿಯಲ್ಲಿರುವ ಪ್ರತಿ ಸ್ವಿಚ್‌ನಲ್ಲಿ. ಸರ್ವರ್ 3 ಅಂತ, ಸ್ವಿಚ್ 4 ಅಂತ ಇದ್ದರೆ, ಸ್ವಿಚ್ ಕಳಿಸಿದ ಪಾಝ್ ಫ್ರೇಮನ್ನು ಸರ್ವರ್ ಕೇಳಿಸಿಕೊಳ್ಳುವುದೇ ಇಲ್ಲ. ಎರಡೂ ಕಡೆ ಹೊಂದಿಸಲು ಡಿಸಿಬಿಎಕ್ಸ್ ಅಂತ ಒಂದು ವ್ಯವಸ್ಥೆ ಇದೆ, ಎಲ್‌ಎಲ್‌ಡಿಪಿ (ಪಕ್ಕದ ಸಾಧನಗಳು ಪರಸ್ಪರ ಪರಿಚಯ ಹೇಳಿಕೊಳ್ಳುವ ಪ್ರೋಟೋಕಾಲ್) ಮೇಲೆ ಓಡುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಕಡೆ ನೀವೇ ಆಟೊಮೇಷನ್‌ನಿಂದ ಬರೆದುಬಿಡಿ. ಮಾತುಕತೆಗೆ ಬಿಟ್ಟರೆ ಒಂದು ಫರ್ಮ್‌ವೇರ್ ಅಪ್‌ಡೇಟ್ ಆದ ಮೇಲೆ ಯಾರು ಯಾರ ಮಾತು ಕೇಳುತ್ತಿದ್ದಾರೆ ಅನ್ನುವುದು ತಿಳಿಯುವುದಿಲ್ಲ. ಹಾಗೇ, ಹಳೆಯ 802.3ಎಕ್ಸ್ ಪಾಝ್ ಆ ಪೋರ್ಟ್‌ನಲ್ಲಿ ಆಫ್ ಇರಲಿ. ಎರಡನ್ನೂ ಒಟ್ಟಿಗೆ ಇಡುವಂತಿಲ್ಲ.

ಇನ್ನು ಹೆಡ್‌ರೂಮ್. ಇವತ್ತಿನ ಮಾತಿನಲ್ಲಿ ಒಂದೇ ಒಂದು ವಿಷಯ ತಲೆಯಲ್ಲಿ ಉಳಿಯುವುದಾದರೆ ಇದು ಉಳಿಯಲಿ.

ಮನೆ ಮೇಲಿನ ಟ್ಯಾಂಕ್ ತುಂಬುತ್ತಿದೆ, ನೀವು ಟೆರೇಸ್ ಮೇಲೆ ನಿಂತಿದ್ದೀರಿ. ‘ಮೋಟರ್ ಆಫ್ ಮಾಡು’ ಅಂತ ಕೂಗುತ್ತೀರಿ. ಕೆಳಗಿದ್ದವರಿಗೆ ಕೇಳಿಸಿ, ಅವರು ಎದ್ದು ಹೋಗಿ ಸ್ವಿಚ್ ಒತ್ತುವವರೆಗೆ ನೀರು ಬರುತ್ತಲೇ ಇರುತ್ತದಲ್ವಾ? ಆ ನೀರಿಗೆ ಟ್ಯಾಂಕ್‌ನಲ್ಲಿ ಜಾಗ ಇರಬೇಕು. ಪಾಝ್ ಫ್ರೇಮ್ ಕಳಿಸಿದ ಮೇಲೂ ಬರುತ್ತಲೇ ಇರುವ ಪ್ಯಾಕೆಟ್‌ಗಳಿಗೆ ಮೀಸಲಿಟ್ಟ ಬಫರ್ ಜಾಗವೇ ಹೆಡ್‌ರೂಮ್.

ಎಷ್ಟು ಜಾಗ ಬೇಕು? ಫೈಬರ್‌ನಲ್ಲಿ ಬೆಳಕು ಒಂದು ಮೀಟರ್ ಹೋಗಲು ಸುಮಾರು 5 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. ಲೀಫ್‌ನಿಂದ ಸ್ಪೈನ್‌ಗೆ 300 ಮೀಟರ್ ಕೇಬಲ್ ಇದೆ ಅಂದುಕೊಳ್ಳಿ. ಪಾಝ್ ಹೋಗಲು 1.5 ಮೈಕ್ರೋಸೆಕೆಂಡ್. ಅದು ತಲುಪುವ ಹೊತ್ತಿಗೆ ದಾರಿಯಲ್ಲಿರುವುದೆಲ್ಲ ಬಂದು ಸೇರಲು ಇನ್ನೊಂದು 1.5. ಒಟ್ಟು 3 ಮೈಕ್ರೋಸೆಕೆಂಡ್. 100 ಜಿಬಿಪಿಎಸ್‌ನಲ್ಲಿ ಅಷ್ಟು ಹೊತ್ತಿಗೆ ಬರುವುದು 3 ಲಕ್ಷ ಬಿಟ್, ಅಂದರೆ 37.5 ಕೆಬಿ. ಇದಕ್ಕೆ ಎರಡು ದೊಡ್ಡ ಪ್ಯಾಕೆಟ್ ಸೇರಿಸಿ. ಯಾಕೆ ಎರಡು? ನಾನು ಪಾಝ್ ಕಳಿಸಬೇಕು ಅಂದುಕೊಂಡ ಕ್ಷಣದಲ್ಲಿ ನನ್ನ ಪೋರ್ಟ್ ಒಂದು ದೊಡ್ಡ ಪ್ಯಾಕೆಟ್ ಕಳಿಸಲು ಶುರು ಮಾಡಿರಬಹುದು. ಅದು ಮುಗಿಯುವವರೆಗೆ ಪಾಝ್ ಕಾಯಬೇಕು. ಎದುರಿನವನೂ ಪಾಝ್ ಸಿಕ್ಕಾಗ ಒಂದು ಪ್ಯಾಕೆಟ್ ಶುರು ಮಾಡಿರಬಹುದು. ಅದನ್ನು ಅರ್ಧಕ್ಕೆ ನಿಲ್ಲಿಸಲು ಆಗುವುದಿಲ್ಲ. ಎಂಟಿಯು, ಅಂದರೆ ಪ್ಯಾಕೆಟ್‌ನ ಗರಿಷ್ಠ ಗಾತ್ರ, 9216 ಬೈಟ್ ಆದರೆ ಎರಡಕ್ಕೆ 18 ಕೆಬಿ ಚಿಲ್ಲರೆ. ಒಟ್ಟು 56 ಕೆಬಿ ಹತ್ತಿರ. ಎದುರಿನ ಚಿಪ್ ಪಾಝ್ ಓದಿ ಪ್ರತಿಕ್ರಿಯಿಸಲು ತೆಗೆದುಕೊಳ್ಳುವ ಸಮಯ ಇದರ ಮೇಲೆ.

ಇದೇ ಕೇಬಲ್, 400 ಜಿಬಿಪಿಎಸ್ ಪೋರ್ಟ್. ಕೇಬಲ್ ಪಾಲು ನಾಲ್ಕು ಪಟ್ಟು, 150 ಕೆಬಿ. ಒಟ್ಟು 168. ಗಮನಿಸಿ, ಇದು ಒಂದು ಪೋರ್ಟ್‌ನ ಒಂದು ಪ್ರಯಾರಿಟಿಗೆ. ಅದೇ ಸರ್ವರ್‌ನಿಂದ ಲೀಫ್‌ಗೆ ಹೋಗುವ 3 ಮೀಟರ್ ಕೇಬಲ್ ಆದರೆ ಕೇಬಲ್ ಪಾಲು ಲೆಕ್ಕಕ್ಕೇ ಇಲ್ಲ. ಹಾಗಾಗಿ ಎಲ್ಲ ಪೋರ್ಟ್‌ಗೂ ಒಂದೇ ಹೆಡ್‌ರೂಮ್ ಕೊಟ್ಟರೆ ಒಂದೋ ಬಫರ್ ಸುಮ್ಮನೆ ವ್ಯರ್ಥ, ಇಲ್ಲಾ ಉದ್ದ ಕೇಬಲ್‌ನಲ್ಲಿ ಡ್ರಾಪ್. ಸೋನಿಕ್‌ನಲ್ಲಿ ವೇಗ ಮತ್ತು ಕೇಬಲ್ ಉದ್ದ ನೋಡಿ ಹೆಡ್‌ರೂಮ್ ಆರಿಸುವ ಪಟ್ಟಿ ಇದೆ. ಆದರೆ ಕೇಬಲ್ ಉದ್ದ ಎಷ್ಟು ಅಂತ ಅದಕ್ಕೆ ಹೇಳಬೇಕಾದವರು ನೀವೇ. ರ‍್ಯಾಕ್ ಬದಲಾಯಿಸಿದಾಗ, ಕೇಬಲ್ ಬದಲಾಯಿಸಿದಾಗ ಆ ಅಂಕಿ ಬದಲಾಯಿಸುವವರು ಎಷ್ಟು ಜನ?

ಎಂಟು ಪ್ರಯಾರಿಟಿ ಇದೆಯಲ್ಲ, ಎಂಟಕ್ಕೂ ಪಿಎಫ್‌ಸಿ ಹಾಕಿದರೇನು ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ. ಒಳ್ಳೆಯ ಪ್ರಶ್ನೆ, ಲೆಕ್ಕ ಹಾಕಿಯೇ ನೋಡೋಣ. 400 ಜಿಬಿಪಿಎಸ್‌ನ 32 ಪೋರ್ಟ್ ಇರುವ ಸ್ವಿಚ್. ಎರಡು ಪ್ರಯಾರಿಟಿ, ತಲಾ 168 ಕೆಬಿ. ಹತ್ತಿರ ಹತ್ತಿರ 11 ಎಂಬಿ. ಎಂಟು ಪ್ರಯಾರಿಟಿ ಆದರೆ 43 ಎಂಬಿ. ಈ ದರ್ಜೆಯ ಬ್ರಾಡ್‌ಕಾಮ್ ಟೊಮಾಹಾಕ್ 3 ಚಿಪ್‌ನ ಒಟ್ಟು ಬಫರ್ 64 ಎಂಬಿ. ಮೂರರಲ್ಲಿ ಎರಡು ಪಾಲು ತುರ್ತಿಗೆ ಅಂತ ಖಾಲಿ ಇಟ್ಟರೆ ದಿನದ ಕೆಲಸಕ್ಕೆ ಏನು ಉಳಿಯಿತು? ಮೈಕ್ರೋಸಾಫ್ಟ್‌ನವರ ಆಗಿನ ಸ್ವಿಚ್‌ಗಳಲ್ಲಿ ಇದ್ದದ್ದು 9 ಅಥವಾ 12 ಎಂಬಿ. ಅದಕ್ಕೇ ಅವರು ಎರಡೇ ಪ್ರಯಾರಿಟಿಗೆ ನಿಲ್ಲಿಸಿದರು. ಒಂದೇ ಸಾಕು ಅನ್ನುವವರು ಇನ್ನೂ ಜಾಣರು.

ದಾರಿ ತಪ್ಪಿದರೂ ಪರವಾಗಿಲ್ಲ, ಇನ್ನೊಂದು ಮಾತು. ವೈಟ್‌ಫೀಲ್ಡ್‌ನಲ್ಲಿ ಒಂದು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದು ಡೇಟಾ ಸೆಂಟರ್ ಇದ್ದು, ಮಧ್ಯೆ ಪಿಎಫ್‌ಸಿ ಓಡಿಸೋಣ ಅನ್ನುವ ಆಸೆ ಯಾರಿಗಾದರೂ ಇದ್ದರೆ: ಫೈಬರ್ 30 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಹೋಗಿ ಬರಲು 300 ಮೈಕ್ರೋಸೆಕೆಂಡ್. 100 ಜಿಬಿಪಿಎಸ್‌ಗೆ 3.75 ಎಂಬಿ, ಒಂದೇ ಪೋರ್ಟ್, ಒಂದೇ ಪ್ರಯಾರಿಟಿ. ಅದಕ್ಕೆ ದೊಡ್ಡ ಬಫರ್‌ನ ಬೇರೆ ಜಾತಿಯ ಸ್ವಿಚ್ ಬೇಕು.

ಹೆಡ್‌ರೂಮ್ ಆಯಿತು. ಪಾಝ್ ಯಾವಾಗ ಕಳಿಸಬೇಕು ಅನ್ನುವುದು ಮುಂದಿನ ಪ್ರಶ್ನೆ. ಹೆಚ್ಚಿನ ಚಿಪ್‌ಗಳಲ್ಲಿ ಇದು ಖಾಯಂ ಅಂಕಿ ಅಲ್ಲ. ಹಂಚಿಕೊಂಡ ಬಫರ್‌ನಲ್ಲಿ ಈಗ ಖಾಲಿ ಎಷ್ಟಿದೆಯೋ ಅದನ್ನು ಆಲ್ಫಾ ಅನ್ನುವ ಅಂಕಿಯಿಂದ ಗುಣಿಸಿ ಮಿತಿ ಬರುತ್ತದೆ. 10 ಎಂಬಿ ಹಂಚಿಕೆಯ ಬಫರ್, ಆಲ್ಫಾ 1/16 ಇದ್ದರೆ, ಒಂದೇ ಒಂದು ಪೋರ್ಟ್ ಒತ್ತಡದಲ್ಲಿದ್ದಾಗ ಅದಕ್ಕೆ ಸುಮಾರು 590 ಕೆಬಿ ಸಿಗುತ್ತದೆ. 1/64 ಇದ್ದರೆ 155 ಕೆಬಿ ಅಷ್ಟೇ. ಮೈಕ್ರೋಸಾಫ್ಟ್‌ನಲ್ಲಿ ಹೊಸ ಮಾಡೆಲ್ ಸ್ವಿಚ್ ತಂದಾಗ ನಿಖರವಾಗಿ ಇದೇ ಆಯಿತು. ಹಳೆಯದರ ಡೀಫಾಲ್ಟ್ 1/16, ಹೊಸದರದ್ದು 1/64. ಯಾರೂ ಕಾನ್ಫಿಗರೇಷನ್ ಮುಟ್ಟಿರಲಿಲ್ಲ. ಆದರೂ ಪಾಝ್ ಫ್ರೇಮ್‌ಗಳು ವಿಪರೀತ ಜಾಸ್ತಿ ಆದವು. ‘ಡೀಫಾಲ್ಟ್ ಇರಲಿ ಬಿಡಿ’ ಅನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ. ಹೊರಹೋಗುವ ಕಡೆಯ ಮಿತಿಯನ್ನೂ ಒಮ್ಮೆ ನೋಡಿ. ಒಳಬರುವ ಕಡೆ ಪಾಝ್ ಕಳಿಸುವ ಮುಂಚೆಯೇ ಹೊರಹೋಗುವ ಕ್ಯೂ ತನ್ನ ಮಿತಿ ಮುಗಿಯಿತು ಅಂತ ಡ್ರಾಪ್ ಮಾಡಿದರೆ ಮೇಲಿನ ಲೆಕ್ಕವೆಲ್ಲ ನೀರುಪಾಲು.

ಪಿಎಫ್‌ಸಿ ಕೆಲಸ ಮಾಡಬೇಕಾದದ್ದು ಅಪರೂಪಕ್ಕೆ. ದಿನನಿತ್ಯದ ದಟ್ಟಣೆ ನೋಡಿಕೊಳ್ಳಲು ಇಸಿಎನ್ ಇದೆ. ಕ್ಯೂ ಬೆಳೆಯುತ್ತಿದ್ದ ಹಾಗೆ ಸ್ವಿಚ್ ಪ್ಯಾಕೆಟ್ ಮೇಲೆ ಗುರುತು ಹಾಕುತ್ತದೆ. ಪಡೆದ ಕಾರ್ಡ್ ಆ ಸುದ್ದಿಯನ್ನು ಕಳಿಸಿದವನಿಗೆ ಮುಟ್ಟಿಸುತ್ತದೆ, ಅವನು ವೇಗ ಇಳಿಸುತ್ತಾನೆ. 2015ರಲ್ಲಿ ಬಂದ ಡಿಸಿಕ್ಯೂಸಿಎನ್ ಅನ್ನುವ ವಿಧಾನ ಇದು. ಸುದ್ದಿ ಹೊತ್ತ ಆ ಪುಟ್ಟ ಪ್ಯಾಕೆಟ್‌ಗೆ ಬೇರೆ ಕ್ಯೂ ಕೊಡಿ, ಸಾಮಾನ್ಯವಾಗಿ ಡಿಎಸ್‌ಸಿಪಿ 48, ಎಲ್ಲರಿಗಿಂತ ಮೊದಲು ಹೋಗುವ ಹಾಗೆ. ಇಸಿಎನ್ ಬಿಟ್‌ಗಳು ಖಾಲಿ ಇದ್ದರೆ ಸ್ವಿಚ್ ಗುರುತು ಹಾಕಲು ಆಗದೆ ಪ್ಯಾಕೆಟನ್ನೇ ಬಿಸಾಡಬಹುದು. 106ರಲ್ಲಿ ಆ 2 ಯಾಕೆ ಬೇಕಿತ್ತು ಅಂತ ಈಗ ಗೊತ್ತಾಯಿತಲ್ಲ.

ಗುರುತು ಮೊದಲು, ಪಾಝ್ ಆಮೇಲೆ. ಹೇಳಲು ಸುಲಭ. ಆದರೆ ಎರಡೂ ಅಳೆಯುವ ಜಾಗ ಬೇರೆ. ಇಸಿಎನ್ ಹೊರಹೋಗುವ ಕ್ಯೂ ಅಳೆಯುತ್ತದೆ, ಪಿಎಫ್‌ಸಿ ಒಳಬರುವ ಪೋರ್ಟ್ ಅಳೆಯುತ್ತದೆ. ಒಂದೇ ಪೋರ್ಟ್‌ನಿಂದ ಬಂದ ಪ್ಯಾಕೆಟ್‌ಗಳು ಹತ್ತು ಕ್ಯೂಗಳಲ್ಲಿ ಹಂಚಿಹೋಗಿರಬಹುದು. ಒಂದು ಕ್ಯೂ ಕೂಡ ಇಸಿಎನ್ ಮಿತಿ ಮುಟ್ಟಿಲ್ಲ, ಒಟ್ಟು ಸೇರಿ ಪಿಎಫ್‌ಸಿ ಮಿತಿ ದಾಟಿದೆ. ಆಗ ಯಾರಿಗೂ ಮುನ್ಸೂಚನೆ ಇಲ್ಲದೆ ಪಾಝ್ ಹೋಗುತ್ತದೆ. ಹಾಗಾಗಿ ಎರಡು ಅಂಕಿ ಪಕ್ಕಪಕ್ಕ ಇಟ್ಟು ‘ಇದು ಚಿಕ್ಕದು, ಸರಿ ಇದೆ’ ಅನ್ನುವುದು ಸಾಲದು. ಮಧ್ಯೆ ಧಾರಾಳವಾಗಿ ಅಂತರ ಬೇಕು.

ಇಷ್ಟಕ್ಕೂ ಪಾಝ್ ಹೋದರೆ ಏನು ಕಷ್ಟ? ಅದು ಅಲ್ಲಿಗೇ ನಿಲ್ಲುವುದಿಲ್ಲ. ಲೀಫ್ ಸ್ಪೈನನ್ನು ನಿಲ್ಲಿಸುತ್ತದೆ, ಸ್ಪೈನ್ ತುಂಬಿ ಇತರ ಲೀಫ್‌ಗಳನ್ನು ನಿಲ್ಲಿಸುತ್ತದೆ, ಅವು ಸರ್ವರ್‌ಗಳನ್ನು. ಏನೂ ತಪ್ಪು ಮಾಡದ ಫ್ಲೋಗಳೂ ಸಿಕ್ಕಿಹಾಕಿಕೊಳ್ಳುತ್ತವೆ. ಇನ್ನು ಒಂದು ಕೆಟ್ಟ ಕಾರ್ಡ್ ತಾನು ಏನೂ ಪಡೆಯದೆ ಪಾಝ್ ಕಳಿಸುತ್ತಲೇ ಇದ್ದರೆ? ಅದಕ್ಕೇ ಪಾಝ್ ಸ್ಟಾರ್ಮ್ ಅನ್ನುವುದು. ಒಂದು ಕಾರ್ಡ್ ಸಾಕು, ದೊಡ್ಡ ನೆಟ್‌ವರ್ಕ್ ನಿಲ್ಲಲು.

ಡೆಡ್‌ಲಾಕ್ ಇನ್ನೂ ವಿಚಿತ್ರ. ಒಂದನೇ ಸ್ವಿಚ್ ಎರಡನೆಯದಕ್ಕಾಗಿ ಕಾಯುತ್ತದೆ, ಎರಡನೆಯದು ಮೂರನೆಯದಕ್ಕಾಗಿ, ಮೂರನೆಯದು ಮತ್ತೆ ಒಂದನೆಯದಕ್ಕಾಗಿ. ಲೀಫ್ ಸ್ಪೈನ್ ವಿನ್ಯಾಸದಲ್ಲಿ ಪ್ಯಾಕೆಟ್ ಮೇಲೆ ಹೋಗಿ ಕೆಳಗೆ ಬರುತ್ತದೆ, ಇಂಥ ಸುತ್ತು ಆಗಲು ಸಾಧ್ಯವೇ ಇಲ್ಲ ಅಂತ ಎಲ್ಲರೂ ನಂಬಿದ್ದರು. ಮೈಕ್ರೋಸಾಫ್ಟ್‌ನಲ್ಲಿ ಆಯಿತು. ಸತ್ತುಹೋದ ಸರ್ವರ್‌ನ ಮ್ಯಾಕ್ ನಮೂದು (ಆ ಮ್ಯಾಕ್ ವಿಳಾಸ ಯಾವ ಪೋರ್ಟ್‌ನಲ್ಲಿದೆ ಅನ್ನುವುದು) 5 ನಿಮಿಷದಲ್ಲಿ ಅಳಿಸಿಹೋಗುತ್ತಿತ್ತು, ಎಆರ್‌ಪಿ ನಮೂದು (ಯಾವ ಐಪಿಗೆ ಯಾವ ಮ್ಯಾಕ್ ಅನ್ನುವುದು) 4 ಗಂಟೆ ಇರುತ್ತಿತ್ತು. ಮಧ್ಯದ ಹೊತ್ತಿನಲ್ಲಿ ಆ ಸರ್ವರ್‌ಗೆ ಬಂದ ಪ್ಯಾಕೆಟನ್ನು ಸ್ವಿಚ್ ಎಲ್ಲ ಪೋರ್ಟ್‌ಗೂ ಕಳಿಸುತ್ತಿತ್ತು, ಮೇಲಕ್ಕೂ ಸೇರಿ. ಸುತ್ತು ಆಗಿಬಿಟ್ಟಿತು. ಪರಿಹಾರ ಸರಳ: ಮ್ಯಾಕ್ ಯಾವ ಪೋರ್ಟ್‌ನಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಈ ಪ್ರಯಾರಿಟಿಯ ಪ್ಯಾಕೆಟ್ ಹಂಚಬೇಡ, ಬಿಸಾಡು. ಸರ್ವರೇ ಇಲ್ಲದ ಮೇಲೆ ಅದಕ್ಕೆ ಬಂದ ಪ್ಯಾಕೆಟ್ ಉಳಿಸಿ ಏನು ಮಾಡುವುದು?

ಇವೆರಡಕ್ಕೂ ಕಾವಲು ವಾಚ್‌ಡಾಗ್. ಒಂದು ಕ್ಯೂ ಇಷ್ಟು ಹೊತ್ತು ಬಿಡದೆ ಪಾಝ್‌ನಲ್ಲೇ ಇದ್ದರೆ ಆ ಕ್ಯೂಗೆ ಪಿಎಫ್‌ಸಿ ಲೆಕ್ಕಿಸಬೇಡ, ಅದರ ಪ್ಯಾಕೆಟ್ ಬಿಸಾಡು ಅನ್ನುವುದು. ಸೋನಿಕ್‌ನಲ್ಲಿ ಡೀಫಾಲ್ಟ್ 200 ಮಿಲಿಸೆಕೆಂಡ್. ಈಗ ಆ 335 ಮೈಕ್ರೋಸೆಕೆಂಡ್ ತೆಗೆಯಿರಿ. 200 ಮಿಲಿಸೆಕೆಂಡ್ ಬಿಡುವಿಲ್ಲದೆ ನಿಲ್ಲಬೇಕಾದರೆ 100 ಜಿಬಿಪಿಎಸ್‌ನಲ್ಲಿ ಪೂರ್ತಿ ಅವಧಿಯ ಸುಮಾರು 600 ಪಾಝ್ ಫ್ರೇಮ್ ಸಾಲಾಗಿ ಬರಬೇಕು. ಸಾಮಾನ್ಯ ದಟ್ಟಣೆಯಲ್ಲಿ ಹಾಗೆ ಆಗುವುದಿಲ್ಲ. ಹಾಗಾಗಿ ವಾಚ್‌ಡಾಗ್ ಇಲ್ಲದೆ ಪಿಎಫ್‌ಸಿ ಆನ್ ಮಾಡಬೇಡಿ. ಇದರಲ್ಲಿ ನನಗೆ ರಾಜಿಯೇ ಇಲ್ಲ.

ಕೊನೆಗೆ ಕೌಂಟರ್ ಓದುವುದು. ಸ್ವಿಚ್‌ನ ಒಂದು ಪೋರ್ಟ್‌ನಲ್ಲಿ ಕಳಿಸಿದ ಪಾಝ್ ಏರುತ್ತಿದ್ದರೆ ‘ನಾನು ಎದುರಿನವನಿಗೆ ನಿಲ್ಲು ಅಂದೆ’ ಅಂತ. ಪಡೆದ ಪಾಝ್ ಏರುತ್ತಿದ್ದರೆ ‘ಅವನು ನನಗೆ ಅಂದ’ ಅಂತ. ದೂರು ಬಂದಾಗ ಇದರ ಜಾಡು ಹಿಡಿದು ಹೋಗಿ. ಒಂದು ಸ್ವಿಚ್ ಪಾಝ್ ಕಳಿಸುತ್ತಿದೆ, ಆದರೆ ಅದಕ್ಕೆ ಯಾರೂ ಪಾಝ್ ಕಳಿಸುತ್ತಿಲ್ಲ ಅಂದರೆ ದಟ್ಟಣೆಯ ಮೂಲ ಅದೇ ಸ್ವಿಚ್. ಹಲವು ಪೋರ್ಟ್‌ಗಳಿಂದ ಒಂದೇ ಪೋರ್ಟ್‌ಗೆ ಟ್ರಾಫಿಕ್ ನುಗ್ಗುತ್ತಿರುತ್ತದೆ. ಜಾಡು ಸರ್ವರ್ ಪೋರ್ಟ್‌ನಲ್ಲಿ ಮುಗಿದರೆ, ಸರ್ವರೇ ಪಾಝ್ ಕಳಿಸುತ್ತಿದ್ದರೆ, ನೆಟ್‌ವರ್ಕ್ ಬಿಟ್ಟು ಸರ್ವರ್ ಒಳಗೆ ನೋಡಿ. ಪಿಸಿಐ ಸ್ಲಾಟ್ ಪೂರ್ತಿ ವೇಗದಲ್ಲಿದೆಯಾ? ಮೆಮೊರಿ ಪೇಜ್ 4 ಕೆಬಿ ಇದೆಯಾ? 2 ಎಂಬಿ ಪೇಜ್‌ಗೆ ಹೋದರೆ ಕಾರ್ಡಿನ ಪರದಾಟ ಕಡಿಮೆಯಾಗುತ್ತದೆ. ಕಾರ್ಡ್‌ನಲ್ಲಿ ಎಣಿಕೆಯ ಜೊತೆ ಪಾಝ್ ಅವಧಿಯ ಕೌಂಟರ್ ಕೂಡ ಇರುತ್ತದೆ. ಎಣಿಕೆಗಿಂತ ಅವಧಿ ನಂಬಿ.

ಇದೆಲ್ಲ ಇನ್ನೆಷ್ಟು ದಿನ ಅಂತ ಕೇಳುತ್ತಾರೆ. ಅಲ್ಟ್ರಾ ಈಥರ್ನೆಟ್ ಒಕ್ಕೂಟದ 1.0 ಸ್ಪೆಸಿಫಿಕೇಷನ್ 2025ರ ಜೂನ್‌ನಲ್ಲಿ ಬಂತು. ಡ್ರಾಪ್ ಆದರೂ ತಾಳಿಕೊಳ್ಳುವ ಸಾರಿಗೆ ಪದರ ಅದರ ಮುಖ್ಯ ಗುರಿಗಳಲ್ಲಿ ಒಂದು. ಅಮೆಜಾನ್ ತನ್ನ ಎಸ್‌ಆರ್‌ಡಿ ಪ್ರೋಟೋಕಾಲ್‌ನಲ್ಲಿ ಪಿಎಫ್‌ಸಿ ಗೊಡವೆಗೇ ಹೋಗಲಿಲ್ಲ. ಆದರೆ ಮೆಟಾದವರು 2024ರಲ್ಲಿ ಹೇಳಿದ್ದು ಇನ್ನೊಂದು ಥರ: ತಮ್ಮ 400 ಜಿಬಿಪಿಎಸ್ ಎಐ ಕ್ಲಸ್ಟರ್‌ಗಳಲ್ಲಿ ಡಿಸಿಕ್ಯೂಸಿಎನ್ ಆಫ್ ಮಾಡಿ, ಪಿಎಫ್‌ಸಿ ಇಟ್ಟುಕೊಂಡು, ಯಾರು ಯಾವಾಗ ಎಷ್ಟು ಕಳಿಸಬೇಕು ಅನ್ನುವುದನ್ನು ಮೇಲಿನ ಲೈಬ್ರರಿಯಲ್ಲೇ ನಿಯಂತ್ರಿಸಿದರು. ನಾನು ಇಸಿಎನ್ ಬಗ್ಗೆ ಇಷ್ಟು ಹೊತ್ತು ಹೇಳಿದ್ದಕ್ಕೆ ಇದು ನೇರ ವಿರುದ್ಧ ಅಲ್ವಾ? ಅವರ ಸಾಫ್ಟ್‌ವೇರ್, ಅವರ ಟ್ರಾಫಿಕ್ ಎರಡೂ ಅವರ ಕೈಯಲ್ಲಿವೆ, ಹಾಗಾಗಿ ಅದು ನಡೆಯುತ್ತದೆ. ಹತ್ತು ಟೀಮ್‌ಗಳ ಹತ್ತು ಥರದ ಕೆಲಸ ಒಂದೇ ನೆಟ್‌ವರ್ಕ್‌ನಲ್ಲಿ ಓಡಿಸುವವರು ಇಸಿಎನ್ ಆನ್ ಇಟ್ಟುಕೊಂಡೇ ಶುರು ಮಾಡಿ.